ಕಿವಿ ಸೋರುವಿಕೆ

ಕಿವಿ ಸೋರುವಿಕೆ ಎಂಬುದು ಮಧ್ಯಕಿವಿಯಲ್ಲಿ ಬಹುಕಾಲ ಉಳಿಯುವ ಕೀವುಭರಿತ ಉರಿಯೂತಕ್ಕೆ ಕನ್ನಡದಲ್ಲಿ ರೂಢಿಯಾಗಿರುವ ಹೆಸರು. ಕಿವಿಯ ತಮಟೆಯಲ್ಲಿ ಬಿದ್ದ ತೂತು ಮುಚ್ಚಿಕೊಳ್ಳದೆ ಉಳಿದು, ಅದರ ಮೂಲಕ ಕೀವು ಅಥವಾ ಲೋಳೆಯಂಥ ದ್ರವವು ಮತ್ತೆ ಮತ್ತೆ ಹೊರಬರುವುದು ಹಾಗೂ ಕಿವಿ ಮಂದವಾಗುವುದು ಇದರ ಮುಖ್ಯ ಲಕ್ಷಣಗಳು. ಸ್ರಾವವು ಎರಡು ವಾರಗಳನ್ನು ಮೀರಿದರೆ ಅದನ್ನು ದೀರ್ಘಕಾಲಿಕವೆಂದು ಪರಿಗಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಅನೇಕ ತಜ್ಞರು ಆರು ವಾರ ಅಥವಾ ಮೂರು ತಿಂಗಳ ಗಡುವನ್ನು ಒಪ್ಪುತ್ತಾರೆ. ಜಗತ್ತಿನಲ್ಲಿ ೬.೫ ಕೋಟಿಯಿಂದ ೩೩ ಕೋಟಿ ಜನರಿಗೆ ಕಿವಿ ಸೋರುವ ತೊಂದರೆಯಿದೆಯೆಂದೂ ಅವರಲ್ಲಿ ಸುಮಾರು ಶೇಕಡ ೬೦ರಷ್ಟು ಮಂದಿಗೆ ಗಣನೀಯ ಶ್ರವಣ ನಷ್ಟವಾಗಿದೆಯೆಂದೂ ಅದೇ ಸಂಸ್ಥೆ ೨೦೦೪ರ ವರದಿಯಲ್ಲಿ ಅಂದಾಜಿಸಿತು. ಕನಿಷ್ಠ ಮತ್ತು ಗರಿಷ್ಠ ಅಂದಾಜುಗಳ ನಡುವೆ ಇಷ್ಟು ದೊಡ್ಡ ಅಂತರವಿರುವುದೇ ಈ ಕಾಯಿಲೆಯನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದಿಲ್ಲವೆಂಬುದನ್ನು ತೋರಿಸುತ್ತದೆ.

ಕಾಯಿಲೆ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರವು ಎಣಿಸುವ ೨೮ ಕರ್ಣರೋಗಗಳಲ್ಲಿ ಕರ್ಣಸ್ರಾವ ಮತ್ತು ಪೂತಿಕರ್ಣ ಎಂಬವು ಸೇರಿವೆ.

ಕಿವಿಯ ರಚನೆ

ಹೊರಕಿವಿಯ ನಾಳದ ಕೊನೆಯಲ್ಲಿ ತಮಟೆ ಎಂಬ ತೆಳುವಾದ ಪೊರೆಯಿದೆ. ಅದರಾಚೆಗಿನ ಗಾಳಿ ತುಂಬಿದ ಚಿಕ್ಕ ಕೋಣೆಯೇ ಮಧ್ಯಕಿವಿ. ಸುತ್ತಿಗೆ, ಅಡಿಗಲ್ಲು ಮತ್ತು ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಸರಪಳಿಯಂತೆ ಇಲ್ಲಿ ಜೋಡಣೆಗೊಂಡಿದ್ದು, ತಮಟೆಯ ಕಂಪನವನ್ನು ಒಳಕಿವಿಯ ದ್ರವಕ್ಕೆ ಮುಟ್ಟಿಸುತ್ತವೆ. ಗಾಳಿಯಲ್ಲಿ ಬರುವ ಶಬ್ದವು ನೇರವಾಗಿ ದ್ರವದ ಮೇಲೆ ಬಿದ್ದರೆ ಅದರ ಬಹುಪಾಲು ಹಿಂದಕ್ಕೆ ಪುಟಿಯುತ್ತದೆ. ತಮಟೆಯ ಕಂಪಿಸುವ ಭಾಗವು ರಿಕಾಪಿನ ತಳಕ್ಕಿಂತ ಸುಮಾರು ೧೭ ಪಟ್ಟು ವಿಸ್ತಾರವಾಗಿರುವುದರಿಂದಲೂ ಮೂಳೆಗಳ ಸರಪಳಿಯು ಸನ್ನೆಗೋಲಿನಂತೆ ವರ್ತಿಸುವುದರಿಂದಲೂ ಒತ್ತಡವು ಸುಮಾರು ೨೨ ಪಟ್ಟು ಹೆಚ್ಚಿ, ಈ ನಷ್ಟದ ಹೆಚ್ಚಿನ ಭಾಗ ತುಂಬಿಬರುತ್ತದೆ. ಕಿವಿ ಸೋರುವಿಕೆಯು ಕೆಡಿಸುವುದು ಈ ಏರ್ಪಾಡನ್ನು.

ಮಧ್ಯಕಿವಿಯು ಒಂದೆಡೆ ಯುಸ್ಟೇಶಿಯನ್ ನಾಳದ ಮೂಲಕ ಮೂಗಿನ ಹಿಂಭಾಗಕ್ಕೂ ಇನ್ನೊಂದೆಡೆ ಕಿವಿಯ ಹಿಂದೆ ಕೈಗೆ ಸಿಗುವ ಮ್ಯಾಸ್ಟಾಯ್ಡ್ ಮೂಳೆಯ ಗಾಳಿಗೂಡುಗಳಿಗೂ ತೆರೆದುಕೊಂಡಿದೆ. ಅದರ ಮೇಲ್ಛಾವಣಿಯ ತೆಳುವಾದ ಮೂಳೆಯ ಮೇಲೆಯೇ ಮೆದುಳು ಕುಳಿತಿದೆ. ಮುಖದ ಸ್ನಾಯುಗಳನ್ನು ಆಡಿಸುವ ನರವೂ ಇದರ ಗೋಡೆಯಲ್ಲಿಯೇ ಹಾದುಹೋಗುತ್ತದೆ. ಕೀವು ತುಂಬಲು ಇದಕ್ಕಿಂತ ಕೆಟ್ಟ ಜಾಗ ದೇಹದಲ್ಲಿ ಹೆಚ್ಚಿಲ್ಲ.

ಕಾರಣಗಳು

ಬಹುತೇಕ ಪ್ರಕರಣಗಳಲ್ಲಿ ಕಾಯಿಲೆಯ ಬೀಜ ಬಾಲ್ಯದಲ್ಲಿದೆ. ನೆಗಡಿಯ ಸೋಂಕು ಯುಸ್ಟೇಶಿಯನ್ ನಾಳದ ಮೂಲಕ ಮಧ್ಯಕಿವಿಗೆ ಏರಿ ಕೀವಾಗುತ್ತದೆ. ಒತ್ತಡ ತಾಳಲಾರದೆ ತಮಟೆ ಒಡೆಯುತ್ತದೆ. ಒಡನೆಯೇ ನೋವು ನಿಲ್ಲುವುದರಿಂದ ಮನೆಯವರು ಕಾಯಿಲೆ ಇಳಿಯಿತೆಂದು ಸಮಾಧಾನಪಡುತ್ತಾರೆ. ಸಾಮಾನ್ಯವಾಗಿ ತೂತು ತಾನಾಗಿ ಕೂಡಿಕೊಳ್ಳುತ್ತದೆ. ಸೋಂಕು ಮರುಕಳಿಸಿದರೆ ಅಥವಾ ಚಿಕಿತ್ಸೆ ಅರ್ಧಕ್ಕೆ ನಿಂತರೆ ಶಾಶ್ವತವಾಗುತ್ತದೆ. ಮಕ್ಕಳಲ್ಲಿ ಆ ನಾಳವು ಗಿಡ್ಡವಾಗಿ, ಹೆಚ್ಚು ಅಡ್ಡಲಾಗಿ ಇರುವುದು ಸೋಂಕಿಗೆ ದಾರಿ ಸುಗಮಗೊಳಿಸುತ್ತದೆ. ಇಕ್ಕಟ್ಟಾದ ಮನೆ, ಅಪೌಷ್ಟಿಕತೆ, ಒಲೆಯ ಹೊಗೆ, ಬೀಡಿ ಸಿಗರೇಟಿನ ಹೊಗೆ, ಶಿಶುವನ್ನು ಮಲಗಿಸಿಕೊಂಡೇ ಬಾಟಲಿಯಲ್ಲಿ ಹಾಲು ಕುಡಿಸುವುದು ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಇದು ಬಡತನದ ಕಾಯಿಲೆ ಎಂಬ ಮಾತು ವೈದ್ಯಲೋಕದಲ್ಲಿ ಇದೇ ಕಾರಣದಿಂದ ಹುಟ್ಟಿದೆ.

ತೂತು ಬಿದ್ದ ಮೇಲೆ ಹೊರಗಿನ ನೀರೇ ಶತ್ರು. ಕೆರೆ, ಬಾವಿಗಳಲ್ಲಿ ಈಜುವುದು, ತಲೆಗೆ ನೀರು ಹಾಕಿಕೊಳ್ಳುವಾಗ ಕಿವಿಗೆ ನೀರಿಳಿಯುವುದು, ಕಾಯಿಸಿದ ಎಣ್ಣೆ ಅಥವಾ ಸೊಪ್ಪಿನ ರಸ ಬಿಡುವುದು, ಹೇರ್‌ಪಿನ್ನು, ಬೆಂಕಿಕಡ್ಡಿಗಳಿಂದ ಕೆದಕುವುದು ಸೋಂಕನ್ನು ಕೆರಳಿಸುತ್ತವೆ. ಹಬ್ಬದ ಎಣ್ಣೆಸ್ನಾನದ ದಿನ ಕಿವಿಗೂ ಎರಡು ತೊಟ್ಟು ಬಿಡುವ ವಾಡಿಕೆ ತಮಟೆಯಲ್ಲಿ ತೂತಿರುವವರಿಗೆ ಸಲ್ಲದು.

ಎರಡು ಬಗೆಗಳು

ಮೊದಲನೆಯ ಬಗೆಯಲ್ಲಿ ತೂತು ತಮಟೆಯ ಬಿಗಿಯಾದ ಭಾಗದ ನಡುವೆ ಇರುತ್ತದೆ. ಸ್ರಾವವು ಲೋಳೆಯಂತಿದ್ದು, ಸಾಮಾನ್ಯವಾಗಿ ದುರ್ವಾಸನೆಯಿರುವುದಿಲ್ಲ. ನೆಗಡಿಯಾದಾಗ ಹೆಚ್ಚುತ್ತದೆ, ಆಮೇಲೆ ಒಣಗುತ್ತದೆ. ಪ್ರಾಣಾಪಾಯದ ತೊಡಕುಗಳು ಇಲ್ಲಿ ವಿರಳ. ಹಳೆಯ ಪಠ್ಯಗಳು ಇದನ್ನು ಸುರಕ್ಷಿತ ಬಗೆಯೆಂದು ಕರೆಯುತ್ತಿದ್ದವು. ಶ್ರವಣದ ದೃಷ್ಟಿಯಿಂದ ಇದೂ ಸುರಕ್ಷಿತವಲ್ಲವಾದ್ದರಿಂದ ಆ ಹೆಸರು ಅಷ್ಟು ಸಮಂಜಸವೆನಿಸದು.

ಎರಡನೆಯ ಬಗೆಯ ಮೂಲ ಕೊಲೆಸ್ಟಿಯಟೋಮ. ೧೮೩೮ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯೂಲರ್ ಇಟ್ಟ ಈ ಹೆಸರು ದಾರಿ ತಪ್ಪಿಸುವಂಥದು. ಇದರಲ್ಲಿ ಕೊಲೆಸ್ಟರಾಲಿನ ಗಂಟೂ ಇಲ್ಲ, ಇದು ಕ್ಯಾನ್ಸರ್ ಬಗೆಯ ಗೆಡ್ಡೆಯೂ ಅಲ್ಲ. ಇರಬಾರದ ಜಾಗದಲ್ಲಿ ಬೆಳೆದ ಚರ್ಮ ಎಂಬುದೇ ಇದರ ಸರಳ ವಿವರಣೆ. ಒಳಕ್ಕೆ ಎಳೆಯಲ್ಪಟ್ಟ ತಮಟೆಯ ಒಂದು ಮೂಲೆ ಚೀಲವಾಗಿ, ಅದರಲ್ಲಿ ಉದುರಿದ ಚರ್ಮದ ಪದರಗಳು ಹೊರಹೋಗಲಾರದೆ ಶೇಖರವಾಗುತ್ತವೆ. ಈ ಚೀಲ ಹಿಗ್ಗುತ್ತಾ ಸುತ್ತಲಿನ ಮೂಳೆಯನ್ನು ಸವೆಸುತ್ತದೆ. ಸ್ರಾವ ಅಲ್ಪವಾದರೂ ಕೊಳೆತ ವಾಸನೆ ಬರುತ್ತದೆ. ಕೊಠಡಿಯಲ್ಲಿ ಪಕ್ಕದವರಿಗೆ ತಿಳಿಯುವ ಈ ವಾಸನೆ, ಎಷ್ಟೋ ಜನರಿಗೆ ಕಿವುಡುತನಕ್ಕಿಂತ ದೊಡ್ಡ ನಾಚಿಕೆ.

ನೋವಿಲ್ಲದಿರುವುದು ಎರಡೂ ಬಗೆಗಳಿಗೆ ಸಮಾನ. ಹಳೆಯ ಸೋರುವ ಕಿವಿಯಲ್ಲಿ ಹೊಸದಾಗಿ ನೋವು, ಜ್ವರ, ತಲೆನೋವು, ತಲೆಸುತ್ತು, ಮುಖದ ಒಂದು ಬದಿಯ ಸೊಟ್ಟತನ ಇವುಗಳಲ್ಲಿ ಯಾವುದು ಕಾಣಿಸಿಕೊಂಡರೂ ಅದು ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸೂಚನೆ. ಮೆದುಳುಪೊರೆಯ ಉರಿಯೂತ, ಮೆದುಳಿನಲ್ಲಿ ಕೀವುಗಡ್ಡೆ ಮುಂತಾದ ಮಾರಕ ತೊಡಕುಗಳು ಹೀಗೆಯೇ ಆರಂಭವಾಗುತ್ತವೆ.

ಆಸ್ಕರ್ ವೈಲ್ಡ್ ಪ್ರಕರಣ

ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲ ಉದಾಹರಣೆಯೆಂದರೆ ಐರಿಷ್ ಲೇಖಕ ಆಸ್ಕರ್ ವೈಲ್ಡ್. ಸೆರೆಮನೆಯಲ್ಲಿದ್ದಾಗ ೧೮೯೬ರಲ್ಲಿ ಗೃಹಮಂತ್ರಿಗೆ ಸಲ್ಲಿಸಿದ ಮನವಿಯಲ್ಲಿ ಆತ ತನ್ನ ಬಲಗಿವಿಯ ತಮಟೆ ತೂತಾಗಿ ಶ್ರವಣ ಹೆಚ್ಚುಕಡಿಮೆ ಹೋಗಿರುವುದನ್ನು ಪ್ರಸ್ತಾಪಿಸಿದ್ದನು. ೧೯೦೦ರ ಅಕ್ಟೋಬರ್ ೧೦ರಂದು ಪ್ಯಾರಿಸಿನ ಹೋಟೆಲ್ ಕೋಣೆಯಲ್ಲಿಯೇ ಆತನ ಕಿವಿಗೆ ಶಸ್ತ್ರಚಿಕಿತ್ಸೆಯಾಯಿತು. ನವೆಂಬರ್ ೩೦ರಂದು ಆತ ತೀರಿಕೊಂಡನು. ಸಾವಿಗೆ ಸಿಫಿಲಿಸ್ ಕಾರಣವೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಕಿವಿಯ ಸೋಂಕು ಮೆದುಳುಪೊರೆಗೆ ಹಬ್ಬಿದ್ದೇ ಕಾರಣವೆಂಬುದು ದಾಖಲೆಗಳನ್ನು ಪರಿಶೀಲಿಸಿದ ವೈದ್ಯರ ಅಭಿಪ್ರಾಯ. ಆತನ ತಂದೆ ವಿಲಿಯಂ ವೈಲ್ಡ್ ಡಬ್ಲಿನ್ನಿನ ಪ್ರಖ್ಯಾತ ಕಿವಿವೈದ್ಯನಾಗಿದ್ದು, ೧೮೫೩ರಲ್ಲಿ ಕರ್ಣಚಿಕಿತ್ಸೆಯ ಬಗ್ಗೆ ಹೆಸರಾಂತ ಗ್ರಂಥವನ್ನು ಪ್ರಕಟಿಸಿದ್ದನು. ಕಿವಿಯ ಹಿಂಬದಿಯ ಕೀವನ್ನು ಹೊರತೆಗೆಯುವ ಒಂದು ಛೇದನಕ್ಕೆ ಅವನ ಹೆಸರೇ ಇದೆ. ಜೀವನಿರೋಧಕ ಔಷಧಗಳು ಬರುವ ಮೊದಲು ಕಿವಿಯ ಕಾಯಿಲೆ ಎಷ್ಟು ನಿರ್ದಯವಾಗಿತ್ತೆಂಬುದಕ್ಕೆ ಈ ಕುಟುಂಬದ ಕಥೆ ಸಾಕು.

ಶ್ರವಣ ನಷ್ಟದ ಸ್ವರೂಪ

ಇಲ್ಲಿ ಆಗುವುದು ಮುಖ್ಯವಾಗಿ ವಹನ ದೋಷ. ಒಳಕಿವಿ ಮತ್ತು ನರ ಚೆನ್ನಾಗಿದ್ದು, ಶಬ್ದ ಅಲ್ಲಿಗೆ ತಲುಪುವ ದಾರಿ ಕೆಟ್ಟಿರುತ್ತದೆ. ಬರೀ ತೂತಿದ್ದರೆ ನಷ್ಟ ಅದರ ಗಾತ್ರಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಮೂಳೆಗಳ ಸರಪಳಿಯೂ ತುಂಡಾಗಿದ್ದರೆ ಇನ್ನಷ್ಟು ಏರುತ್ತದೆ. ರಕ್ತ ಪೂರೈಕೆ ಕಡಿಮೆಯಿರುವ ಅಡಿಗಲ್ಲಿನ ಉದ್ದನೆಯ ಕಾಲು ಮೊದಲು ಸವೆಯುತ್ತದೆ. ವರ್ಷಗಟ್ಟಲೆ ಸೋಂಕು ಮುಂದುವರಿದರೆ ವಿಷಾಂಶಗಳು ಒಳಕಿವಿಗೆ ಸೋರಿ, ಮರಳಿ ಪಡೆಯಲಾಗದ ನರದೋಷವೂ ಸೇರಿಕೊಳ್ಳುತ್ತದೆ.

ಈ ನಷ್ಟ ದಿನದಿಂದ ದಿನಕ್ಕೆ ಬದಲಾಗುವುದು ರೋಗಿಯನ್ನೂ ಸುತ್ತಲಿನವರನ್ನೂ ಗೊಂದಲಕ್ಕೀಡುಮಾಡುತ್ತದೆ. ಕೆಲವರಿಗೆ ಕಿವಿ ಒಣಗಿದಾಗ ಮಂದವಾಗಿ, ಸೋರುವಾಗ ಚೆನ್ನಾಗಿ ಕೇಳುತ್ತದೆ. ಇದು ಭ್ರಮೆಯಲ್ಲ. ಒಳಕಿವಿಗೆ ಎರಡು ಕಿಂಡಿಗಳಿದ್ದು, ಶಬ್ದವು ಏಕಕಾಲಕ್ಕೆ ಎರಡಕ್ಕೂ ಬಡಿದರೆ ಪರಿಣಾಮ ಕುಗ್ಗುತ್ತದೆ. ಕೀವಿನ ಪದರವು ಒಂದು ಕಿಂಡಿಗೆ ಮರೆಯಾಗಿ ಶ್ರವಣ ಸುಧಾರಿಸುತ್ತದೆ. ತನ್ನ ಧ್ವನಿ ತಲೆಬುರುಡೆಯ ಮೂಳೆಯ ಮೂಲಕ ತನಗೆ ಜೋರಾಗಿ ಕೇಳುವುದರಿಂದ ವಹನ ದೋಷವುಳ್ಳವರು ಮೆತ್ತಗೆ ಮಾತಾಡುವುದು ಸಾಮಾನ್ಯ. ಕಿವಿ ಮಂದವಾದವರು ಕೂಗಿ ಮಾತಾಡುತ್ತಾರೆಂಬ ಜನಜನಿತ ನಂಬಿಕೆಗೆ ಇದು ವಿರುದ್ಧವಾದ್ದರಿಂದ ಇಂಥ ಮಕ್ಕಳನ್ನು ಸಂಕೋಚದ ಸ್ವಭಾವದವರೆಂದು ತಿಳಿದುಬಿಡುವುದುಂಟು.

ತರಗತಿಯಲ್ಲಿ ತೊಂದರೆ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ವಿಭಕ್ತಿ, ಲಿಂಗ, ವಚನಗಳ ಗುರುತು ಪದದ ಕೊನೆಯಲ್ಲಿರುತ್ತದೆ. ವಾಕ್ಯದ ಕೊನೆಗೆ ಹೇಳುವವರ ದನಿ ಇಳಿಯುತ್ತದೆ. ಬಂದನು, ಬಂದಳು, ಬಂದರು ಎಂಬುವುಗಳ ಭೇದ ಅಲ್ಲಿಯೇ ಕರಗಿಹೋಗುತ್ತದೆ. ಉಕ್ತಲೇಖನದಲ್ಲಿ ಪ್ರತ್ಯಯಗಳನ್ನೇ ಬಿಡುವ ಮಗು ದಡ್ಡನಾಗಿರಬೇಕಿಲ್ಲ. ಚೆನ್ನಾಗಿ ಕೇಳುವ ಕಿವಿ ಪಾಠ ಹೇಳುವವರ ಕಡೆಗಿರುವಂತೆ ಮುಂದಿನ ಸಾಲಿನಲ್ಲಿ ಕೂರಿಸುವುದು ಖರ್ಚಿಲ್ಲದ ಉಪಾಯ.

ಔಷಧೋಪಚಾರ

ಕಿವಿಯನ್ನು ಶುಚಿಗೊಳಿಸಿ ಒಣಗಿಸುವುದು ಮೊದಲ ಹೆಜ್ಜೆ. ವೈದ್ಯರು ಹೀರುಕೊಳವೆಯಿಂದ ಕೀವನ್ನು ತೆಗೆಯುತ್ತಾರೆ. ಮನೆಯಲ್ಲಿ ಶುದ್ಧ ಹತ್ತಿಯ ಬತ್ತಿಯಿಂದ ಒರೆಸುವುದನ್ನು ಹೇಳಿಕೊಡುತ್ತಾರೆ. ಸಿಪ್ರೊಫ್ಲಾಕ್ಸಸಿನ್ ಬಗೆಯ ಹನಿಗಳು ಸಾಮಾನ್ಯವಾಗಿ ನುಂಗುವ ಮಾತ್ರೆಗಳಿಗಿಂತ ಪರಿಣಾಮಕಾರಿ. ಜೆಂಟಮೈಸಿನ್, ನಿಯೋಮೈಸಿನ್ ಹನಿಗಳಿಗೆ ಒಳಕಿವಿಯನ್ನು ಕೆಡಿಸುವ ಗುಣವಿರುವುದರಿಂದ, ತಮಟೆಯಲ್ಲಿ ತೂತಿದ್ದಾಗ ಔಷಧದ ಅಂಗಡಿಯಲ್ಲಿ ಕೇಳಿ ತಂದ ಹನಿಯನ್ನು ಹಾಕುವುದು ಅಪಾಯಕರ. ಸ್ನಾನದ ವೇಳೆ ವ್ಯಾಸಲೀನ್ ಸವರಿದ ಹತ್ತಿಯಿಂದ ಕಿವಿ ಮುಚ್ಚಿಕೊಳ್ಳುವುದು ವಾಡಿಕೆ. ಕೊಲೆಸ್ಟಿಯಟೋಮಕ್ಕೆ ಔಷಧದಿಂದ ಪರಿಹಾರವಿಲ್ಲ.

ಶಸ್ತ್ರಚಿಕಿತ್ಸೆ

೧೭೯೧ರಲ್ಲಿ ಡೆನ್ಮಾರ್ಕಿನ ರಾಜವೈದ್ಯ ಬರ್ಗರ್ ತನ್ನ ಕಿವಿಮಂದಕ್ಕಾಗಿ ಮ್ಯಾಸ್ಟಾಯ್ಡ್ ಮೂಳೆಯನ್ನು ಕೊರೆಸಿಕೊಂಡು ಕೆಲವೇ ದಿನಗಳಲ್ಲಿ ಮರಣಿಸಿದ ಮೇಲೆ ಈ ಶಸ್ತ್ರಕ್ರಿಯೆ ಬಹುಕಾಲ ಮೂಲೆಗುಂಪಾಯಿತು. ಅದನ್ನು ಕ್ರಮಬದ್ಧವಾಗಿ ಮತ್ತೆ ಚಾಲ್ತಿಗೆ ತಂದವನು ಜರ್ಮನಿಯ ಹರ್ಮನ್ ಶ್ವಾರ್ಟ್ಸ್, ವರ್ಷ ೧೮೭೩. ಆಗಿನ ಗುರಿ ಪ್ರಾಣ ಉಳಿಸುವುದಷ್ಟೇ. ಶ್ರವಣವನ್ನು ಮರಳಿಸುವ ಯೋಚನೆ ಬಂದದ್ದು ೧೯೫೦ರ ದಶಕದಲ್ಲಿ. ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಮತ್ತು ಜೀವನಿರೋಧಕಗಳ ನೆರವಿನಿಂದ ಜರ್ಮನಿಯ ವುಲ್‌ಸ್ಟೈನ್ ಮತ್ತು ಸೋಲ್ನರ್ ತಮಟೆಯ ಮರುಜೋಡಣೆಯನ್ನು ಶಾಸ್ತ್ರವಾಗಿ ಬೆಳೆಸಿದರು.

ಟಿಂಪನೋಪ್ಲಾಸ್ಟಿ ಎಂಬ ಈ ಶಸ್ತ್ರಕ್ರಿಯೆಯಲ್ಲಿ ಕಿವಿಯ ಮೇಲ್ಭಾಗದ ಕಪಾಲದ ಸ್ನಾಯುವನ್ನು ಹೊದ್ದ ತೆಳುಪೊರೆಯ ತುಣುಕನ್ನು ತೆಗೆದು ತೂತಿಗೆ ತೇಪೆ ಹಾಕುತ್ತಾರೆ. ಸವೆದ ಮೂಳೆಯ ಜಾಗದಲ್ಲಿ ರೋಗಿಯದೇ ಅಡಿಗಲ್ಲನ್ನು ಕೆತ್ತಿ ಕೂರಿಸುವುದೂ ಟೈಟಾನಿಯಂ ಕಡ್ಡಿಯನ್ನು ಇಡುವುದೂ ಉಂಟು. ಒಣಗಿದ ಕಿವಿಯಲ್ಲಿ, ಚಿಕ್ಕ ತೂತಿಗೆ ಹಾಕಿದ ತೇಪೆ ಬಹುತೇಕ ನಿಲ್ಲುತ್ತದೆ. ಕೊಲೆಸ್ಟಿಯಟೋಮವಿದ್ದರೆ ಮ್ಯಾಸ್ಟಾಯ್ಡ್ ಮೂಳೆಯನ್ನು ಕೊರೆದು ರೋಗವನ್ನು ಬೇರುಸಹಿತ ತೆಗೆಯಬೇಕು, ಇದು ಮ್ಯಾಸ್ಟಾಯ್ಡೆಕ್ಟಮಿ. ನಾಳದ ಹಿಂಗೋಡೆಯನ್ನು ಉಳಿಸಿದರೆ ಕಿವಿಯ ಸಹಜ ರೂಪ ಉಳಿಯುತ್ತದೆ, ಆದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ ಸುಮಾರು ಒಂದು ವರ್ಷದ ಬಳಿಕ ಮತ್ತೊಮ್ಮೆ ತೆರೆದು ನೋಡುವ ಅಥವಾ ವಿಶೇಷ ಎಂಆರ್‌ಐ ತೆಗೆಯುವ ಪದ್ಧತಿಯಿದೆ. ಗೋಡೆಯನ್ನು ತೆಗೆದರೆ ರೋಗದ ಭಯ ಕಡಿಮೆ, ಆದರೆ ಆಜೀವ ಶುಚಿಗೊಳಿಸಬೇಕಾದ ದೊಡ್ಡ ಕುಳಿ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯ ಬಗ್ಗೆ ರೋಗಿಯೂ ವೈದ್ಯರೂ ಬೇರೆ ಬೇರೆ ನಿರೀಕ್ಷೆಗಳನ್ನು ಇಟ್ಟುಕೊಂಡಿರುವುದು ಅನೇಕ ನಿರಾಶೆಗಳ ಮೂಲ. ಶಸ್ತ್ರವೈದ್ಯರ ಮೊದಲ ಗುರಿ ಒಣಗಿದ, ಅಪಾಯವಿಲ್ಲದ ಕಿವಿ. ಶ್ರವಣ ಅದರ ನಂತರದ್ದು. ರೋಗಿ ಬರುವುದು ಕೇಳಿಸಲೆಂದು. ಕೊಲೆಸ್ಟಿಯಟೋಮದ ಗಂಟು ತುಂಡಾದ ಮೂಳೆಗಳ ನಡುವೆ ಸೇತುವೆಯಾಗಿ ಶಬ್ದವನ್ನು ಸಾಗಿಸುತ್ತಿರುವ ಪ್ರಕರಣಗಳಿವೆ. ಅದನ್ನು ತೆಗೆದಾಗ ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದ್ದರೂ ಶ್ರವಣ ಮೊದಲಿಗಿಂತ ಇಳಿಯುತ್ತದೆ. ಇದನ್ನು ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯುವುದು ವೈದ್ಯರ ಕರ್ತವ್ಯ. ಶಸ್ತ್ರಕ್ರಿಯೆ ಕಿವಿ ಒಣಗಲೆಂದೋ ಕೇಳಿಸಲೆಂದೋ ಎಂದು ಸ್ಪಷ್ಟವಾಗಿ ಕೇಳುವುದು ರೋಗಿಯ ಹಕ್ಕು.

ಚಿಕಿತ್ಸೆಯ ನಂತರದ ಬದುಕು

ಮೊದಲ ಕೆಲವು ವಾರ ಮೂಗನ್ನು ಜೋರಾಗಿ ಸೀಟುವುದು, ಭಾರ ಎತ್ತುವುದು, ವಿಮಾನಯಾನ ನಿಷಿದ್ಧ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ನಾಲಿಗೆಯ ರುಚಿಯ ನರವೊಂದು ಮಧ್ಯಕಿವಿಯ ಮೂಲಕ ಹಾದುಹೋಗುವುದರಿಂದ ಕೆಲವು ತಿಂಗಳು ಊಟದಲ್ಲಿ ಲೋಹದ ರುಚಿ ಬರಬಹುದು. ಕುಳಿಯುಳ್ಳವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅದನ್ನು ಶುಚಿಗೊಳಿಸಿಕೊಳ್ಳಬೇಕು. ತಣ್ಣನೆಯ ಗಾಳಿ ಅಥವಾ ನೀರು ಕುಳಿಗೆ ತಾಗಿದರೆ ಒಳಕಿವಿಯ ಸಮತೋಲನ ನಾಳದ ದ್ರವ ಕದಡಿ ತಲೆಸುತ್ತುತ್ತದೆ. ಬಸ್ಸಿನ ಕಿಟಕಿಯ ಪಕ್ಕ ಕೂರಲು ಇಂಥವರು ಹಿಂಜರಿಯುವುದಕ್ಕೆ ಇದೇ ಕಾರಣ.

ವಹನ ದೋಷದಲ್ಲಿ ಶಬ್ದವನ್ನು ಜೋರು ಮಾಡಿದರೆ ಮಾತು ಸ್ಪಷ್ಟವಾಗಿ ತಿಳಿಯುವುದರಿಂದ ಶ್ರವಣಸಾಧನಗಳು ಚೆನ್ನಾಗಿ ಒದಗುತ್ತವೆ. ಆದರೆ ಸೋರುವ ಕಿವಿಗೆ ಅಚ್ಚು ತುರುಕಿದರೆ ಗಾಳಿಯಾಡದೆ ಸೋಂಕು ಹೆಚ್ಚುತ್ತದೆ. ಅಂಥವರಿಗೆ ತಲೆಬುರುಡೆಯ ಮೂಳೆಯ ಮೂಲಕ ಕಂಪನ ಕಳಿಸುವ ಸಾಧನಗಳಿವೆ. ಟೈಟಾನಿಯಂ ತಿರುಪನ್ನು ಮೂಳೆಗೆ ನೆಟ್ಟು ಅದಕ್ಕೆ ಸಾಧನ ಜೋಡಿಸುವ ಕ್ರಮ ೧೯೭೭ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಆರಂಭವಾಯಿತು.

ಭಾರತದಲ್ಲಿ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ೧೯೬೫ರಲ್ಲಿ ಸ್ಥಾಪನೆಗೊಂಡು, ಶ್ರವಣ ಪರೀಕ್ಷೆ, ಸಾಧನಗಳ ಆಯ್ಕೆ ಮತ್ತು ತಜ್ಞರ ತರಬೇತಿಗೆ ದೇಶದ ಪ್ರಮುಖ ಕೇಂದ್ರವಾಗಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ತಪಾಸಿಸುವ ಕಾಯಿಲೆಗಳ ಪಟ್ಟಿಯಲ್ಲಿ ಮಧ್ಯಕಿವಿಯ ಉರಿಯೂತವೂ ಸೇರಿದೆ.

೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ, ಮಾತಿನ ಆವರ್ತನಗಳಲ್ಲಿ ೭೦ ಡೆಸಿಬೆಲ್ ಶ್ರವಣ ನಷ್ಟವುಳ್ಳವರು ಕಿವುಡರು. ೬೦ರಿಂದ ೭೦ರಷ್ಟು ನಷ್ಟವುಳ್ಳವರು ಮಂದಶ್ರವಣರು. ಒಂದೇ ಕಿವಿ ಪೂರ್ಣ ಹೋದವರೂ ಎರಡರಲ್ಲೂ ೪೫, ೫೦ ಡೆಸಿಬೆಲ್ ಕಳೆದುಕೊಂಡವರೂ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಕಿವಿ ಸೋರುವಿಕೆಯಿಂದ ಬಾಧಿತರಾದವರಲ್ಲಿ ಅನೇಕರ ಸ್ಥಿತಿ ಇಂಥದ್ದೇ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ಶ್ರವಣದ ಜಾಗತಿಕ ವರದಿಯಲ್ಲಿ ೨೦ ಡೆಸಿಬೆಲ್‌ನಿಂದಲೇ ನಷ್ಟದ ಎಣಿಕೆ ಆರಂಭವಾಗುತ್ತದೆ. ಒಂದೇ ಕಿವಿಯ ನಷ್ಟಕ್ಕೂ ಅಲ್ಲಿ ಪ್ರತ್ಯೇಕ ದರ್ಜೆಯಿದೆ.