ಗಾಳಿ ಫ್ಯಾನು ಕಟ್ಟೋ ಮುಂಚೆ ಒಂದಿಷ್ಟು ಲೆಕ್ಕ

ಅಥಣಿಯಿಂದ ಗಡಿ ದಾಟಿದರೆ ಜತ್ತ ತಾಲ್ಲೂಕಿನ ಗುಡ್ಡಗಳ ಮೇಲೆ ದೊಡ್ಡ ದೊಡ್ಡ ಗಾಳಿ ಫ್ಯಾನುಗಳು ಕಾಣುತ್ತವೆ. ಚಿಕ್ಕೋಡಿ, ನಿಪ್ಪಾಣಿಯಲ್ಲಿ ಎಂಜಿನಿಯರಿಂಗ್ ಓದೋರಿಗೆ ಕೊನೇ ವರ್ಷದ ಪ್ರಾಜೆಕ್ಟ್ ಅಂದಾಗ ಅದರದೇ ಮರಿಯೊಂದನ್ನು ಕಟ್ಟೋಣ ಅನ್ನಿಸೋದು ಸಹಜ. ಕಟ್ಟಿ. ಆದರೆ ಎಲ್‌ಇಡಿ ಹತ್ತಿಸಿ ಫೋಟೋ ತೆಗೆದರೆ ಮುಗೀತು ಅನ್ನೋದನ್ನ ನಾನು ಒಪ್ಪಲ್ಲ. ಯಾವ ಗಾಳಿಗೆ ಎಷ್ಟು ವಾಟ್ ಬಂತು ಅನ್ನೋದೇ ಪ್ರಾಜೆಕ್ಟ್.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದ ಗಾಳಿ 1 ಮೀಟರ್ ವ್ಯಾಸದ ಫ್ಯಾನಿನ ಮೂಲಕ ಹಾದರೆ ಅದರಲ್ಲಿರುವುದು ಸುಮಾರು 30 ವಾಟ್. ಅದರಲ್ಲಿ ಶೇ 59.3ಕ್ಕಿಂತ ಹೆಚ್ಚು ಹಿಡಿಯಲಾಗದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲೇ ತೋರಿಸಿದ್ದರು. ಮನೆಯಲ್ಲಿ ಕಟ್ಟಿದ್ದು ಶೇ 20 ಹಿಡಿದರೆ ಶಭಾಶ್ ಅನ್ನಬೇಕು. ಅಂದರೆ 6 ವಾಟ್, ಒಂದು ಮೊಬೈಲ್ ನಿಧಾನಕ್ಕೆ ಚಾರ್ಜ್ ಆಗುವಷ್ಟು. 8 ಮೀಟರ್ ಗಾಳಿಗೆ ಅದೇ ಫ್ಯಾನು 48 ವಾಟ್ ಕೊಟ್ಟೀತು.

ರೆಕ್ಕೆಗೆ ದಪ್ಪನೆಯ ಪಿವಿಸಿ ಪೈಪು ಸೀಳಿಕೊಂಡರೆ ಸಾಕು. ಕಷ್ಟ ಇರೋದು ಜನರೇಟರ್‌ನಲ್ಲಿ. ಹಳೇ ಮಾದರಿಯ ಸೀಲಿಂಗ್ ಫ್ಯಾನಿನ ಮೋಟರಿನಲ್ಲಿ ಮ್ಯಾಗ್ನೆಟ್ಟೇ ಇರಲ್ಲ, ಸುಮ್ಮನೆ ತಿರುಗಿಸಿದರೆ ಕರೆಂಟ್ ಬರಲ್ಲ. ಕಾರಿನ ಆಲ್ಟರ್ನೇಟರ್‌ಗೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಬೇಕು. ನಮ್ಮ ಫ್ಯಾನು 4 ಮೀಟರ್ ಗಾಳಿಗೆ ಸುತ್ತೋದು 400ರ ಒಳಗೆ. ಗುಜರಿಯಲ್ಲಿ ಇ-ಸೈಕಲ್ಲಿನ ಗೇರಿಲ್ಲದ ಹಬ್ ಮೋಟರ್ ಸಿಕ್ಕರೆ ಬಿಡಬೇಡಿ. ಮೊದಲು ಕೈಯಿಂದ ತಿರುಗಿಸಿ ನೋಡಿ, ತೀರಾ ಬಿಗಿ ಇದ್ದರೆ ಸಣ್ಣ ಗಾಳಿಗೆ ಅದು ಏಳೋದೇ ಇಲ್ಲ. ಅದರ ಮೂರು ವೈರಿನ ಎಸಿಯನ್ನು ರೆಕ್ಟಿಫೈಯರ್‌ನಿಂದ ಡಿಸಿ ಮಾಡಿ 12 ವೋಲ್ಟ್ ಬ್ಯಾಟರಿಗೆ ಕೊಡಬಹುದು. ಸೋಲಾರ್ ಕಂಟ್ರೋಲರ್ ಮಾತ್ರ ಬೇಡ: ಬ್ಯಾಟರಿ ತುಂಬಿದೊಡನೆ ಅದು ಸಂಪರ್ಕ ಕಡಿದುಬಿಡುತ್ತೆ, ಭಾರವಿಲ್ಲದೆ ಹುಚ್ಚೆದ್ದು ತಿರುಗಿದ ಫ್ಯಾನಿನ ರೆಕ್ಕೆ ಹಾರಿ ಯಾರಿಗಾದರೂ ಬಡಿಯುತ್ತೆ. ಗಾಳಿಯಂತ್ರಕ್ಕೆಂದೇ ಇರುವುದನ್ನು ತನ್ನಿ. ಬಿರುಗಾಳಿಗೆ ಮುಂಚೆ ಆ ಮೂರು ವೈರುಗಳನ್ನು ಒಂದಕ್ಕೊಂದು ಕೂಡಿಸಿಡಿ, ಅದೇ ಬ್ರೇಕ್.

ರಾಯಬಾಗ, ಕಾಗವಾಡದ ಕಡೆ ಕಬ್ಬಿನ ನಡುವೆ ಗಿಡ್ಡ ಕಂಬ ನೆಟ್ಟು ಪ್ರಯೋಜನವಿಲ್ಲ, ಕಬ್ಬೇ ಆಳೆತ್ತರ ದಾಟಿರುತ್ತದೆ. ಬಯಲು ಮಡ್ಡಿ ವಾಸಿ. ಸುತ್ತ 100 ಮೀಟರಿನಲ್ಲಿರುವ ಮರ, ಮನೆಗಿಂತ 9-10 ಮೀಟರ್ ಮೇಲಿದ್ದರೆ ಒಳ್ಳೆಯದು. ನಮ್ಮಲ್ಲಿ ಗಾಳಿ ಜೋರಾಗೋದು ಮುಂಗಾರಿನಲ್ಲಿ. ಬೇಸಿಗೆಯ ನಾಲ್ಕು ದಿನದ ಅಳತೆ ಹಿಡಿದು ವರ್ಷದ ಲೆಕ್ಕ ಬರೀಬೇಡಿ.

ಇಷ್ಟೊಂದು ಲೆಕ್ಕದ ಹಟ ಯಾಕೆ ಅಂದ್ರೆ, ಮಂತ್ರಿಗಳು ‘ಇಷ್ಟು ಮೆಗಾವಾಟ್’ ಅಂತ ಘೋಷಿಸೋದು ಸ್ಥಾಪಿತ ಸಾಮರ್ಥ್ಯವನ್ನು. ಪವನ ವಿದ್ಯುತ್ತಿನಲ್ಲಿ ವರ್ಷದ ಸರಾಸರಿ ಅದರ ಕಾಲು ಭಾಗದ ಆಸುಪಾಸು. ಕಂಪನಿಯವರು ಹೊಲ ಲೀಸಿಗೆ ಕೇಳಿಕೊಂಡು ಬಂದಾಗ ‘ವರ್ಷಕ್ಕೆ ಎಷ್ಟು ಯೂನಿಟ್?’ ಅಂತ ಕೇಳೋರು ಊರಲ್ಲಿ ಒಬ್ಬರಾದರೂ ಬೇಕಲ್ಲ.

ದುಡ್ಡಿಗೆ ಒಂದು ದಾರಿ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತಿದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಖರ್ಚಿನ ಪಟ್ಟಿಯಲ್ಲಿ ಗಾಳಿಯ ವೇಗ ಅಳೆಯುವ ಮೀಟರನ್ನು ಮೊದಲು ಬರೆಯಿರಿ.