ನೆಲ, ವಂಶ, ತಾರೀಖು: ಜನ್ಮಸಿದ್ಧ ಪೌರತ್ವದ ಕಾನೂನು ನಡೆದುಬಂದ ದಾರಿ

ಬೈಲಕುಪ್ಪೆಯ ನಿರಾಶ್ರಿತರ ಶಿಬಿರದಲ್ಲಿ ಒಂದೇ ಟಿಬೆಟನ್ ದಂಪತಿಗೆ ಹುಟ್ಟಿದ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಅಕ್ಕ ಹುಟ್ಟಿದ್ದು 1987ರ ಜೂನ್‌ನಲ್ಲಿ, ತಮ್ಮ 1989ರಲ್ಲಿ. ಕಾನೂನಿನ ಕಣ್ಣಿಗೆ ಅಕ್ಕ ಭಾರತದ ಪ್ರಜೆ, ತಮ್ಮ ಪರದೇಶಿ.

ಅಮೆರಿಕ ಖಂಡಗಳಲ್ಲಿ ಹುಟ್ಟಿದ ನೆಲವೇ ಪೌರತ್ವ ಕೊಡುತ್ತದೆ, ಯುರೋಪು ಮತ್ತು ಏಷ್ಯಾಗಳಲ್ಲಿ ತಂದೆತಾಯಿಯ ವಂಶ ಕೊಡುತ್ತದೆ ಎಂದು ಭೂಪಟಕ್ಕೆ ಬಣ್ಣ ಬಳಿಯುವುದು ರೂಢಿ. ಈ ಅಕ್ಕ-ತಮ್ಮಂದಿರ ಪ್ರಶ್ನೆಗೆ ಭೂಪಟದಲ್ಲಿ ಉತ್ತರವಿಲ್ಲ. ಕ್ಯಾಲೆಂಡರನ್ನೇ ನೋಡಬೇಕು.

ನೆಲದ ನಿಯಮ ಉದಾರವಾದದ್ದು, ವಂಶದ ನಿಯಮ ಸಂಕುಚಿತವಾದದ್ದು ಎಂಬ ಮಾತೂ ಮೂಲದಲ್ಲಿ ನಿಲ್ಲುವುದಿಲ್ಲ. 1608ರ ಕ್ಯಾಲ್ವಿನ್ ಮೊಕದ್ದಮೆಯಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಮಗುವೊಂದು ಇಂಗ್ಲೆಂಡಿನಲ್ಲಿ ಜಮೀನು ಹೊಂದಬಹುದೇ ಎಂಬ ಪ್ರಶ್ನೆ ಎದ್ದಿತು. ಎರಡೂ ರಾಜ್ಯಗಳಿಗೆ ಅರಸ ಒಬ್ಬನೇ, ಅವನಿಗೆ ನಿಷ್ಠೆ ಸಲ್ಲುವ ನೆಲದಲ್ಲಿ ಹುಟ್ಟಿದವರು ಅವನವರೇ ಎಂದು ತೀರ್ಪಾಯಿತು. ಮಗುವಿಗೆ ಜಮೀನು ದಕ್ಕಿತು, ಅರಸನಿಗೆ ಮಗು ದಕ್ಕಿತು. ನಮ್ಮ ‘ಪ್ರಜೆ’ ಎಂಬ ಪದವೂ ಹೀಗೇ ಬೆಳೆದದ್ದು: ಸಂಸ್ಕೃತದಲ್ಲಿ ಮೊದಲು ಸಂತಾನ, ಆಮೇಲೆ ಅರಸನ ಆಳ್ವಿಕೆಗೆ ಒಳಪಟ್ಟವರು, ಈಗ ನಾಗರಿಕ. ಫ್ರಾನ್ಸಿನ ಕಥೆಯೂ ಬೇರೆಯಲ್ಲ. 1804ರ ಸಂಹಿತೆ ತಂದೆಯ ವಂಶವನ್ನು ಹಿಡಿಯಿತು. 1889ರಲ್ಲಿ ಎರಡು ತಲೆಮಾರು ಅಲ್ಲೇ ಹುಟ್ಟಿದ ವಲಸಿಗರ ಮಕ್ಕಳಿಗೆ ನೆಲದ ನಿಯಮ ಕಡ್ಡಾಯವಾಯಿತು. ಅವರು ಸೈನ್ಯದ ಕಡ್ಡಾಯ ಸೇವೆ ತಪ್ಪಿಸಿಕೊಳ್ಳುತ್ತಿದ್ದರು ಎಂಬ ದೂರು ಅದರ ಹಿಂದಿತ್ತು.

ಅರಸ ತನ್ನವರನ್ನು ಕಟ್ಟಿಕೊಂಡಿದ್ದ ಈ ನೆಲದ ನಿಯಮದ ಹಗ್ಗ ದುರ್ಬಲರ ಕೈಗೆ ಸಿಕ್ಕಿದ್ದು ಅಮೆರಿಕದಲ್ಲಿ. ಆಫ್ರಿಕನ್ ಮೂಲದವರು ನಾಗರಿಕರಾಗಲಾರರು ಎಂದು 1857ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅಂತರ್ಯುದ್ಧದ ನಂತರ ಸಂವಿಧಾನದ 1868ರ ಹದಿನಾಲ್ಕನೆಯ ತಿದ್ದುಪಡಿ ನೆಲದ ನಿಯಮವನ್ನು ಬರೆದು ಅದನ್ನು ಅಳಿಸಿತು. 1898ರ ವಾಂಗ್ ಕಿಮ್ ಆರ್ಕ್ ಪ್ರಕರಣದಲ್ಲಿ, ತಾವು ಎಂದೂ ಅಮೆರಿಕದ ಪೌರರಾಗಲು ಅವಕಾಶವಿಲ್ಲದ ಚೀನೀ ದಂಪತಿಯ ಮಗ ಪೌರನೆಂದು ಗೆದ್ದ. ನ್ಯಾಯಾಲಯ ಆಧರಿಸಿದ್ದು ಅದೇ ಹಳೆಯ ಇಂಗ್ಲಿಷ್ ನಿಯಮವನ್ನು.

ಭಾರತಕ್ಕೂ ಅದು ಬಂದದ್ದು ಬ್ರಿಟನ್ನಿನಿಂದಲೇ. 1947ರ ಏಪ್ರಿಲ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಸರ್ದಾರ್ ಪಟೇಲರು ವಿಶಾಲ ರಾಷ್ಟ್ರೀಯತೆಯ ಪರ ವಾದಿಸಿದರು. 1949ರಲ್ಲಿ ಅದೇ ಸಭೆಯಲ್ಲಿ ಪಿ.ಎಸ್. ದೇಶಮುಖ್, ಪೌರತ್ವ ಇಷ್ಟು ಅಗ್ಗವಾಗಬಾರದೆಂದು ಆಕ್ಷೇಪಿಸಿದರು. ಅಂದು ಪಟೇಲರ ನಿಲುವು ಗೆದ್ದಿತು. 1955ರ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ ಇಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟು, ಪೌರರಾದರು. ಆದರೆ ಕೊನೆಗೆ ಗೆದ್ದದ್ದು ದೇಶಮುಖರ ಅಳುಕು. ವಲಸಿಗರ ವಿರುದ್ಧ ನಡೆದ ಅಸ್ಸಾಂ ಚಳವಳಿ ಮತ್ತು ಅದನ್ನು ಮುಗಿಸಿದ 1985ರ ಒಪ್ಪಂದದ ಬೆನ್ನಿಗೆ ಬಂದ ತಿದ್ದುಪಡಿ, 1987ರ ಜುಲೈ 1ರಿಂದ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕೆಂದಿತು. 2004ರ ಡಿಸೆಂಬರ್ 3ರಿಂದ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ನಾವೇನೂ ಒಂಟಿಯಲ್ಲ. ಬ್ರಿಟನ್ 1983ರಲ್ಲಿ, ಆಸ್ಟ್ರೇಲಿಯಾ 1986ರಲ್ಲಿ ನೆಲದ ನಿಯಮಕ್ಕೆ ಷರತ್ತು ಹಾಕಿದವು. ಐರ್ಲೆಂಡ್ 2004ರಲ್ಲಿ ಜನಮತ ಪಡೆದು ಅದನ್ನೇ ಮಾಡಿತು. ಇವೆಲ್ಲವೂ ಮುಂದೆ ಹುಟ್ಟುವವರಿಗಷ್ಟೇ. ಡೊಮಿನಿಕನ್ ಗಣರಾಜ್ಯದ ಸಾಂವಿಧಾನಿಕ ನ್ಯಾಯಾಲಯ ಮಾತ್ರ 2013ರಲ್ಲಿ 1929ರವರೆಗೆ ಹಿಂದಕ್ಕೆ ಹೋಗಿ, ಹೈಟಿ ಮೂಲದ ಸಾವಿರಾರು ಜನರ ಪೌರತ್ವದ ಬುಡವನ್ನೇ ಕಿತ್ತಿತು.

ಭಾರತದಲ್ಲಿ ಹಳೆಯ ಹಕ್ಕು ಪುಸ್ತಕದಲ್ಲಿ ಉಳಿಯಿತು. ಕೈಗೆ ಬರಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದ ಟಿಬೆಟನ್ನರು ಪೌರರೇ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದವು. ಮರುವರ್ಷ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಪಾಸ್‌ಪೋರ್ಟ್ ಕೊಡಲು ಕೇಂದ್ರ ಸರ್ಕಾರ ಒಪ್ಪಿದ್ದು 2017ರಲ್ಲಿ. ಜೊತೆಗೆ ಷರತ್ತೂ ಬಂತು: ನಿರಾಶ್ರಿತರ ನೋಂದಣಿ ಪತ್ರ ಒಪ್ಪಿಸಬೇಕು, ತಾವು ಹುಟ್ಟಿ ಬೆಳೆದ ಶಿಬಿರ ಬಿಟ್ಟು ಹೊರಡಬೇಕು.