ಗ್ಲೆನೀಗಲ್ಸ್: ರೈಲು ಕಂಪನಿ ಕನಸು ಕಂಡ ಸ್ಕಾಟ್ಲೆಂಡ್‌ನ ಗಾಲ್ಫ್ ಹೋಟೆಲ್

ಲಂಡನ್‌ನ ಯೂಸ್ಟನ್ ನಿಲ್ದಾಣದಿಂದ ರಾತ್ರಿ ಹೊರಡುವ ಕ್ಯಾಲೆಡೋನಿಯನ್ ಸ್ಲೀಪರ್ ರೈಲು ಬೆಳಗಿನ ಹೊತ್ತಿಗೆ ಸ್ಕಾಟ್ಲೆಂಡ್‌ನ ಒಂದು ಪುಟ್ಟ ನಿಲ್ದಾಣದಲ್ಲಿ ನಿಲ್ಲುತ್ತದೆ. ನಿಲ್ದಾಣದ ಹೆಸರು ಗ್ಲೆನೀಗಲ್ಸ್. ಪಕ್ಕದಲ್ಲಿ ದೊಡ್ಡ ಪಟ್ಟಣವೇನೂ ಇಲ್ಲ. ಇಲ್ಲಿ ಇಳಿಯುವ ಪ್ರವಾಸಿಗರಲ್ಲಿ ಹಲವರು ಹೊರಡುವುದು ಅದೇ ಹೆಸರಿನ ಹೋಟೆಲ್‌ಗೆ.

ಪರ್ತ್‌ಶೈರ್‌ನ ಆಕ್ಟರಾರ್ಡರ್ ಊರಿನ ಬಳಿ ಸುಮಾರು 850 ಎಕರೆಯಲ್ಲಿ ಹರಡಿರುವ ಈ ಪಂಚತಾರಾ ಹೋಟೆಲ್ ಕ್ಯಾಲೆಡೋನಿಯನ್ ರೈಲ್ವೆ ಕಂಪನಿಯ ಮ್ಯಾನೇಜರ್ ಡೊನಾಲ್ಡ್ ಮ್ಯಾಥಿಸನ್ ಅವರ ಕನಸು. ಲೆಕ್ಕಾಚಾರ ಸರಳ: ಶ್ರೀಮಂತರಿಗೆ ಬರಲು ಒಂದು ಕಾರಣ ಕೊಟ್ಟರೆ ರೈಲು ತುಂಬುತ್ತದೆ. ಆದರೆ ಮೊದಲ ಮಹಾಯುದ್ಧ ಕಾಮಗಾರಿಯನ್ನು ನಿಲ್ಲಿಸಿತು. ಗಾಲ್ಫ್ ಕೋರ್ಸ್‌ಗಳು 1919ರಲ್ಲೇ ಸಿದ್ಧವಾದರೂ ಹೋಟೆಲ್ ತೆರೆದದ್ದು 1924ರಲ್ಲಿ. ಅಷ್ಟರಲ್ಲಿ ಕ್ಯಾಲೆಡೋನಿಯನ್ ಕಂಪನಿಯೇ ಬೇರೊಂದು ರೈಲು ಕಂಪನಿಯಲ್ಲಿ ವಿಲೀನವಾಗಿತ್ತು! ಎರಡನೇ ಮಹಾಯುದ್ಧದಲ್ಲಿ ಇದೇ ಕಟ್ಟಡ ಆಸ್ಪತ್ರೆಯಾಯಿತು.

ಹೆಸರು ಕೇಳಿದವರಿಗೆ ಹದ್ದು ನೆನಪಾಗುವುದು ಸಹಜ. ಗಾಲ್ಫ್‌ನಲ್ಲೂ ಪಾರ್‌ಗಿಂತ ಎರಡು ಹೊಡೆತ ಕಡಿಮೆಯಲ್ಲಿ ಗುರಿ ಮುಟ್ಟಿದರೆ ಅದನ್ನು 'ಈಗಲ್' ಎನ್ನುತ್ತಾರೆ. ಆದರೆ ಇದರ ಮೂಲ ಗೇಲಿಕ್ ಭಾಷೆಯ ಚರ್ಚ್ ಎಂಬ ಅರ್ಥದ ಪದ ಎನ್ನಲಾಗುತ್ತದೆ, ಅಂದರೆ ಚರ್ಚ್ ಇರುವ ಕಣಿವೆ. ಹೆಸರಿನಲ್ಲಿ ಹದ್ದಿಲ್ಲದಿದ್ದರೂ ಹೋಟೆಲ್ ಆವರಣದಲ್ಲಿ ಗಿಡುಗಗಳನ್ನು ಕೈಮೇಲೆ ಕೂರಿಸಿಕೊಂಡು ಹಾರಿಸಲು ಕಲಿಸುತ್ತಾರೆ.

ಆಟ ಹೇಗಿದೆ?

ಕಿಂಗ್ಸ್ ಮತ್ತು ಕ್ವೀನ್ಸ್ ಕೋರ್ಸ್‌ಗಳನ್ನು ವಿನ್ಯಾಸಗೊಳಿಸಿದವರು ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಜೇಮ್ಸ್ ಬ್ರೇಡ್. ಸೇಂಟ್ ಆಂಡ್ರ್ಯೂಸ್‌ನಂತೆ ಇದು ಕಡಲತೀರದ ಮರಳು ನೆಲವಲ್ಲ, ಒಳನಾಡಿನ ಗುಡ್ಡಗಾಡು. ಸಮುದ್ರದ ಗಾಳಿಯೊಂದಿಗೆ ಗುದ್ದಾಡುವ ಆಟ ಬಯಸುವವರು ಇಲ್ಲಿ ನಿರಾಸೆಗೊಳ್ಳಬಹುದು, ಉಬ್ಬುತಗ್ಗು ಇಷ್ಟಪಡುವವರಿಗೆ ಕಿಂಗ್ಸ್ ಸಾಕು. ಜ್ಯಾಕ್ ನಿಕ್ಲಾಸ್ ವಿನ್ಯಾಸದ ಮೂರನೇ ಕೋರ್ಸ್ 1993ರಲ್ಲಿ ಶುರುವಾಯಿತು. 2014ರ ರೈಡರ್ ಕಪ್‌ನಲ್ಲಿ ಯುರೋಪ್ ತಂಡ ಅಮೆರಿಕವನ್ನು ಸೋಲಿಸಿದ್ದು ಇಲ್ಲೇ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಮಳೆಯಂಗಿ ಮಾತ್ರ ಬೇಸಿಗೆಯಲ್ಲೂ ಬೇಕು.

ಗಾಲ್ಫ್ ಆಡದವರಿಗೆ ಸ್ಪಾ, ಈಜುಕೊಳ, ಕುದುರೆ ಸವಾರಿ ಇವೆ. ಆಂಡ್ರ್ಯೂ ಫೇರ್ಲಿ ಹೆಸರಿನ ರೆಸ್ಟೋರೆಂಟ್‌ಗೆ ಎರಡು ಮಿಶೆಲಿನ್ ಸ್ಟಾರ್ ಇವೆ. ಸಸ್ಯಾಹಾರಿಗಳು ಬುಕಿಂಗ್ ವೇಳೆಯೇ ತಿಳಿಸುವುದು ಒಳ್ಳೆಯದು. ಭಾರತೀಯರಿಗೆ ಬ್ರಿಟನ್‌ನ ವಿಸಿಟರ್ ವೀಸಾ ಬೇಕು. ಒಂದು ರಾತ್ರಿಯ ಬಾಡಿಗೆ ನೂರಾರು ಪೌಂಡ್, ಹಾಗಾಗಿ ಮಧ್ಯಮ ವರ್ಗದ ಪ್ರವಾಸಿಗೆ ಇದು ಹಗುರವಾದ ಖರ್ಚಲ್ಲ.

ಅಂದಹಾಗೆ, 2015ರಲ್ಲಿ ಡಿಯಾಜಿಯೊದಿಂದ ಹೋಟೆಲ್ ಖರೀದಿಸಿದ್ದು ಭಾರತೀಯ ಮೂಲದ ಶರಣ್ ಪಸ್ರೀಚಾ ಅವರ ಎನಿಸ್ಮೋರ್ ಕಂಪನಿ. ಪಸ್ರೀಚಾ ಅವರು ಏರ್‌ಟೆಲ್‌ನ ಸುನಿಲ್ ಮಿತ್ತಲ್ ಅವರ ಅಳಿಯ.

ವರ್ಣಭೇದದ ವಿರುದ್ಧ ಒಪ್ಪಂದ

ಇತಿಹಾಸದ ಪುಸ್ತಕಗಳಲ್ಲಿ ಗ್ಲೆನೀಗಲ್ಸ್ ಹೆಸರು ಉಳಿದಿರುವುದು ಗಾಲ್ಫ್‌ನಿಂದಲ್ಲ. 1977ರ ಜೂನ್‌ನಲ್ಲಿ ಲಂಡನ್ ಸಮ್ಮೇಳನದ ನಡುವೆ ವಾರಾಂತ್ಯ ಕಳೆಯಲು ಬಂದ ಕಾಮನ್‌ವೆಲ್ತ್ ನಾಯಕರು, ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದೊಂದಿಗೆ ಕ್ರೀಡಾ ಸಂಬಂಧವನ್ನು ನಿರುತ್ತೇಜಿಸಲು ಇಲ್ಲಿ ಒಪ್ಪಿದರು. ಅದೇ 'ಗ್ಲೆನೀಗಲ್ಸ್ ಒಪ್ಪಂದ'. ಭಾರತವಂತೂ ಮೂರು ವರ್ಷ ಮೊದಲೇ, ಅಂದರೆ 1974ರಲ್ಲಿ, ದಕ್ಷಿಣ ಆಫ್ರಿಕಾ ವಿರುದ್ಧದ ಡೇವಿಸ್ ಕಪ್ ಫೈನಲ್ ಆಡಲು ನಿರಾಕರಿಸಿ ಪ್ರಶಸ್ತಿಯನ್ನೇ ಕಳೆದುಕೊಂಡಿತ್ತು. ಒಪ್ಪಂದಕ್ಕೆ ಕಾನೂನಿನ ಬಲ ಇರಲಿಲ್ಲ. ಹೀಗಾಗಿಯೇ 1981ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ತಂಡ ನ್ಯೂಜಿಲೆಂಡ್‌ಗೆ ಹೋಯಿತು, ಅಲ್ಲಿನ ಬೀದಿಗಳಲ್ಲಿ ಭಾರೀ ಪ್ರತಿಭಟನೆ ನಡೆಯಿತು. ಮರುವರ್ಷ ದಕ್ಷಿಣ ಆಫ್ರಿಕಾಗೆ ಹೋಗಿ ಆಡಿದ ಗ್ರಹಾಂ ಗೂಚ್ ಮತ್ತಿತರ ಇಂಗ್ಲೆಂಡ್ ಕ್ರಿಕೆಟಿಗರಿಗೆ ಮೂರು ವರ್ಷ ನಿಷೇಧ ಬಿತ್ತು. ಕಾಗದದ ಮೇಲಿನ ಮಾತಾದರೂ ಮುರಿದವರನ್ನು ಅದು ಸುಮ್ಮನೆ ಬಿಡಲಿಲ್ಲ.

2005ರ ಜುಲೈನಲ್ಲಿ ಜಿ-8 ಶೃಂಗಸಭೆಯೂ ಇಲ್ಲೇ ನಡೆಯಿತು. ಪ್ರಧಾನಿ ಮನಮೋಹನ್ ಸಿಂಗ್ ಆಹ್ವಾನಿತರಾಗಿದ್ದರು. ಸಭೆಯ ನಡುವೆಯೇ ಲಂಡನ್‌ನಲ್ಲಿ ಬಾಂಬ್ ಸ್ಫೋಟಗಳಾದವು, ಆತಿಥೇಯ ಟೋನಿ ಬ್ಲೇರ್ ಲಂಡನ್‌ಗೆ ಧಾವಿಸಿ ಮತ್ತೆ ಬಂದರು. ಆಫ್ರಿಕಾಕ್ಕೆ ಹೆಚ್ಚಿನ ನೆರವಿನ ಭರವಸೆ ಹೊರಬಿದ್ದದ್ದು ಈ ಸಭೆಯಿಂದಲೇ. ಹೊರಗೆ ಬೇಲಿ ಹಾಕಿ ಪ್ರತಿಭಟನಾಕಾರರನ್ನು ದೂರ ಇಡಲಾಗಿತ್ತು.

ಆ ಬೇಲಿ ಈಗಿಲ್ಲ. ಕೊಠಡಿ ಬಾಡಿಗೆ ಕೈಗೆಟುಕದವರೂ ಇಲ್ಲಿನ ಹಸಿರನ್ನು ನೋಡಬಹುದು: ಸ್ಕಾಟ್ಲೆಂಡ್‌ನ 2003ರ ಭೂ ಸುಧಾರಣಾ ಕಾಯ್ದೆ ಪ್ರಕಾರ ಗಾಲ್ಫ್ ಕೋರ್ಸ್ ದಾಟಿ ನಡೆದುಹೋಗಲು ಸಾರ್ವಜನಿಕರಿಗೆ ಹಕ್ಕಿದೆ. ಆಟಕ್ಕೆ ಅಡ್ಡಿ ಮಾಡಬಾರದು, ಗುಳಿ ಇರುವ 'ಗ್ರೀನ್' ಮೇಲೆ ಕಾಲಿಡಬಾರದು, ಅಷ್ಟೆ.